ಜೀರ್ಣವಾಗದ ಸಿಹಿ

ಈಜುಕೊಳದ ನೀರಿನಲ್ಲಿ ಎಷ್ಟು ಮೂತ್ರ ಬೆರೆತಿರುತ್ತದೆ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಇದಕ್ಕೊಂದು ಲೆಕ್ಕ ಕಂಡುಕೊಂಡರು. ಯೂರಿಯಾ ಅಳೆದರೆ ಪ್ರಯೋಜನವಿಲ್ಲ, ಅದು ಬೆವರಿನಲ್ಲೂ ಇರುತ್ತದೆ. ಮೂತ್ರದ ಜೊತೆ ಹೊರಬೀಳುವ, ಕ್ಲೋರಿನ್ ಹಾಕಿದರೂ ಕೆಡದ, ಬಹಳಷ್ಟು ಜನರ ದೇಹದಲ್ಲಿ ಸಿಗುವ ವಸ್ತುವೊಂದು ಅವರಿಗೆ ಬೇಕಿತ್ತು. ಅವರು ಆರಿಸಿಕೊಂಡದ್ದು ಅಸೆಸಲ್ಫೇಮ್ ಪೊಟ್ಯಾಷಿಯಂ ಎಂಬ ಕೃತಕ ಸಿಹಿಕಾರಕವನ್ನು. ಡಯಟ್ ಕೋಲಾಗಳಲ್ಲಿ, ಶುಗರ್ ಫ್ರೀ ಚ್ಯೂಯಿಂಗ್ ಗಮ್‌ಗಳಲ್ಲಿ ಇರುವಂಥದ್ದು. ಎರಡು ನಗರಗಳ ಈಜುಕೊಳ, ಬಿಸಿನೀರಿನ ತೊಟ್ಟಿಗಳಿಂದ ನೀರು ತಂದು ಪರೀಕ್ಷಿಸಿದರೆ ಎಲ್ಲದರಲ್ಲೂ ಅದು ಸಿಕ್ಕಿತು. ಸುಮಾರು 8.3 ಲಕ್ಷ ಲೀಟರ್ ಹಿಡಿಯುವ ಒಂದು ಕೊಳದಲ್ಲಿ 75 ಲೀಟರ್ ಮೂತ್ರ ಇರಬೇಕೆಂದು ಅದರ ಆಧಾರದ ಮೇಲೆ ಲೆಕ್ಕ ಕಟ್ಟಿದರು.

ಸುದ್ದಿ ಓದಿದವರು ಮೂಗು ಮುಚ್ಚಿಕೊಂಡು ಪುಟ ತಿರುವಿದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರೊಳಗಿದ್ದ ಇನ್ನೊಂದು ಸಂಗತಿ. ಬಾಯಿಂದ ಒಳಗೆ ಹೋದ ರಾಸಾಯನಿಕವೊಂದು ಹೊಟ್ಟೆ, ಕರುಳು, ರಕ್ತ, ಮೂತ್ರಪಿಂಡ ಎಲ್ಲವನ್ನೂ ಹಾದು, ಹೋದ ಹಾಗೆಯೇ ಹೊರಗೆ ಬರುತ್ತದೆ. ಅದರಲ್ಲಿ ಕ್ಯಾಲೊರಿ ಇಲ್ಲ ಎನ್ನುವುದರ ಗುಟ್ಟೇ ಇದು. ದೇಹಕ್ಕೆ ಒಡೆಯಲು ಆಗುವುದಿಲ್ಲ, ಹಾಗಾಗಿ ಶಕ್ತಿಯೂ ಹುಟ್ಟುವುದಿಲ್ಲ. ಸರಿ, ದೇಹ ಒಡೆಯಲಾರದ್ದನ್ನು ಹೊಳೆ, ಕೆರೆ, ಮಣ್ಣು ಒಡೆಯಬಲ್ಲವೇ? ಡಯಟ್ ಪಾನೀಯಗಳು ಮಾರುಕಟ್ಟೆಗೆ ಬಂದು ಅರ್ಧ ಶತಮಾನ ಕಳೆಯುವವರೆಗೂ ಈ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಎತ್ತಲಿಲ್ಲ. ಎತ್ತಿದ್ದೆಲ್ಲ ಕ್ಯಾನ್ಸರಿನ ಮಾತು. ಆ ಮಾತಿನ ಗದ್ದಲದಲ್ಲಿ ಕೇಳಬೇಕಾದ ಬೇರೆ ಪ್ರಶ್ನೆಗಳು ಹಿಂದೆ ಬಿದ್ದವು ಎಂದು ನನಗೆ ಅನ್ನಿಸುತ್ತದೆ.

ಈ ಸಿಹಿಗಳಲ್ಲಿ ಮುಖ್ಯವಾದವೆಲ್ಲ ಆಕಸ್ಮಿಕವಾಗಿ ಸಿಕ್ಕವು. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಇರಾ ರೆಮ್ಸನ್ ಅವರ ಪ್ರಯೋಗಾಲಯವಿತ್ತು. ಅಲ್ಲಿ ಕಲ್ಲಿದ್ದಲ ಡಾಂಬರಿನ ಸಂಯುಕ್ತಗಳ ಮೇಲೆ ಕೆಲಸ ಮಾಡುತ್ತಿದ್ದ ಕಾನ್‌ಸ್ಟಾಂಟಿನ್ ಫಾಲ್‌ಬರ್ಗ್ ಒಂದು ಸಂಜೆ ಊಟಕ್ಕೆ ಕೂತರೆ ಬ್ರೆಡ್ಡು ಎಂದಿಲ್ಲದಷ್ಟು ಸಿಹಿ. ಸಿಹಿ ಇದ್ದದ್ದು ಬ್ರೆಡ್ಡಿನಲ್ಲಲ್ಲ, ಅವರ ಬೆರಳಲ್ಲಿ. 1879ರಲ್ಲಿ ಇಬ್ಬರೂ ಸೇರಿ ಪ್ರಬಂಧ ಪ್ರಕಟಿಸಿದರು, ಆದರೆ ಪೇಟೆಂಟ್ ಮಾಡಿಸಿ ಕಾರ್ಖಾನೆ ತೆರೆದದ್ದು ಫಾಲ್‌ಬರ್ಗ್ ಒಬ್ಬರೇ. ಅದೇ ಸ್ಯಾಕರಿನ್, ಸಕ್ಕರೆಗಿಂತ ಸುಮಾರು 300 ಪಟ್ಟು ಸಿಹಿ. ನಮ್ಮಲ್ಲಿ ಹಿಂದಿನ ತಲೆಮಾರಿನವರಿಗೆ ಇದರ ಹೆಸರು ಚೆನ್ನಾಗಿ ಗೊತ್ತು. ಸೈಕಲ್ ಹಿಂದೆ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದವರ ಐಸ್ ಕ್ಯಾಂಡಿ ತಿಂದ ಮೇಲೆ ನಾಲಿಗೆಯ ಹಿಂಭಾಗದಲ್ಲಿ ಉಳಿಯುತ್ತಿದ್ದ ಕಹಿಗೆ ದೊಡ್ಡವರು ‘ಸ್ಯಾಕರಿನ್ ಹಾಕಿದ್ದಾನೆ’ ಎನ್ನುತ್ತಿದ್ದರು.

1937ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ವೇಡಾ ಕೆಲಸದ ಮೇಜಿನ ಮೇಲಿಟ್ಟಿದ್ದ ಸಿಗರೇಟನ್ನು ಮತ್ತೆ ಬಾಯಿಗಿಟ್ಟಾಗ ಸೈಕ್ಲಮೇಟ್ ಸಿಕ್ಕಿತು. 1965ರಲ್ಲಿ ಜೇಮ್ಸ್ ಶ್ಲಾಟರ್ ಹೊಟ್ಟೆಹುಣ್ಣಿನ ಔಷಧ ಹುಡುಕುತ್ತ, ಕಾಗದ ಎತ್ತಿಕೊಳ್ಳಲು ಬೆರಳು ನೆಕ್ಕಿದಾಗ ಆಸ್ಪರ್ಟೇಮ್ ಸಿಕ್ಕಿತು. ಎರಡು ವರ್ಷದ ನಂತರ ಜರ್ಮನಿಯಲ್ಲಿ ಕಾರ್ಲ್ ಕ್ಲೌಸ್ ಅವರಿಗೆ ಹೆಚ್ಚುಕಡಿಮೆ ಅದೇ ರೀತಿಯಲ್ಲಿ ಅಸೆಸಲ್ಫೇಮ್.

ಸುಕ್ರಲೋಸ್‌ನ ಕತೆಯಲ್ಲಿ ಭಾರತದವರೊಬ್ಬರಿದ್ದಾರೆ. 1976ರಲ್ಲಿ ಲಂಡನ್ನಿನ ಕ್ವೀನ್ ಎಲಿಜಬೆತ್ ಕಾಲೇಜಿನಲ್ಲಿ ಪ್ರೊಫೆಸರ್ ಲೆಸ್ಲಿ ಹಫ್ ಅವರ ಜೊತೆ ಶಶಿಕಾಂತ್ ಫಡ್ನೀಸ್ ಎಂಬ ತರುಣ ಸಂಶೋಧನೆ ಮಾಡುತ್ತಿದ್ದರು. ಸಕ್ಕರೆ ಕಂಪನಿ ಟೇಟ್ ಅಂಡ್ ಲೈಲ್, ತನ್ನ ಸಕ್ಕರೆಯನ್ನು ಅಡುಗೆಮನೆಯ ಆಚೆಗೂ ಬಳಸುವ ದಾರಿ ಇದೆಯೇ ಎಂದು ಹುಡುಕಿಸುತ್ತಿತ್ತು. ಸಕ್ಕರೆಯ ಅಣುವಿಗೆ ಕ್ಲೋರಿನ್ ಸೇರಿಸಿ ತಯಾರಿಸಿದ ಪುಡಿಯನ್ನು ಪರೀಕ್ಷೆ ಮಾಡಲು ಹೇಳಿದ್ದನ್ನು ಫಡ್ನೀಸ್ ರುಚಿ ನೋಡಲು ಹೇಳಿದರೆಂದು ತಿಳಿದು ನಾಲಿಗೆಯ ಮೇಲಿಟ್ಟುಕೊಂಡರು. ಅದು ವಿಷವೂ ಆಗಿರಬಹುದಿತ್ತು. ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿಯಾಗಿತ್ತು.

ಸಕ್ಕರೆಯ ಅಣುವಿನಲ್ಲಿ ಎಂಟು ಹೈಡ್ರಾಕ್ಸಿಲ್ ಗುಂಪುಗಳಿವೆ. ಅವುಗಳಲ್ಲಿ ಮೂರನ್ನು ತೆಗೆದು ಮೂರು ಕ್ಲೋರಿನ್ ಪರಮಾಣು ಕೂರಿಸಿದರೆ ಸುಕ್ರಲೋಸ್. ನಾಲಿಗೆಯ ಸಿಹಿ ಗ್ರಾಹಕ ಎಂಬ ಬೀಗಕ್ಕೆ ಈ ಹೊಸ ಕೈ ಹಳೆಯದಕ್ಕಿಂತ ಬಿಗಿಯಾಗಿ ಕೂರುತ್ತದೆ. ಕರುಳಿನಲ್ಲಿ ಸಕ್ಕರೆಯನ್ನು ಎರಡು ತುಂಡು ಮಾಡುವ ಕಿಣ್ವ ಮಾತ್ರ ಇದನ್ನು ಗುರುತಿಸುವುದೇ ಇಲ್ಲ. ತಿಂದದ್ದರಲ್ಲಿ ಬಹುಪಾಲು ಮಲದಲ್ಲಿ ಹೊರಬೀಳುತ್ತದೆ, ರಕ್ತಕ್ಕೆ ಸೇರಿದ ಸ್ವಲ್ಪವೂ ಮೂತ್ರದಲ್ಲಿ ಹೋಗುತ್ತದೆ. 330 ಮಿಲಿಲೀಟರ್‌ನ ಒಂದು ಕೋಲಾ ಡಬ್ಬಿಯಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಅಷ್ಟು ಸಿಹಿ ತರಲು ಸುಕ್ರಲೋಸ್ 60 ಮಿಲಿಗ್ರಾಂ ಸಾಕು, ಒಂದು ಚಿಟಿಕೆಗಿಂತ ಕಡಿಮೆ. ತಯಾರಕರಿಗೆ ಇದರಲ್ಲಿ ಎಷ್ಟು ಲಾಭವಿದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಡಯಟ್ ಪಾನೀಯ ಹುಟ್ಟಿದ್ದು ಒಳ್ಳೆಯ ಉದ್ದೇಶದಿಂದಲೇ. 1952ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಸೋಡಾ ತಯಾರಕ ಹೈಮನ್ ಕಿರ್ಷ್, ಆಸ್ಪತ್ರೆಯೊಂದರ ಸಕ್ಕರೆ ಕಾಯಿಲೆಯ ರೋಗಿಗಳಿಗಾಗಿ ಸೈಕ್ಲಮೇಟ್ ಹಾಕಿದ ‘ನೋ-ಕ್ಯಾಲ್’ ಎಂಬ ಸೋಡಾ ಮಾಡಿದರು. ಆಸ್ಪತ್ರೆಯ ಹೊರಗೂ ಅದು ಚೆನ್ನಾಗಿ ಮಾರಾಟವಾಯಿತು, ಕೊಳ್ಳುತ್ತಿದ್ದವರಲ್ಲಿ ಸಕ್ಕರೆ ಕಾಯಿಲೆ ಇಲ್ಲದವರೇ ಹೆಚ್ಚಿದ್ದರು. ಮೈ ಇಳಿಸಿಕೊಳ್ಳುವ ಆಸೆಯವರು, ಅದರಲ್ಲೂ ಹೆಂಗಸರು, ದೊಡ್ಡ ಗಿರಾಕಿಗಳೆಂದು ಕಂಪನಿಗಳಿಗೆ ಗೊತ್ತಾದ ಮೇಲೆ ಎಲ್ಲವೂ ಬದಲಾಯಿತು. 1963ರಲ್ಲಿ ಕೋಕಾ-ಕೋಲಾದ ‘ಟ್ಯಾಬ್’, 1964ರಲ್ಲಿ ಡಯಟ್ ಪೆಪ್ಸಿ, 1982ರಲ್ಲಿ ಡಯಟ್ ಕೋಕ್. ರೋಗಿಗೆಂದು ಮಾಡಿದ ವಸ್ತು ಮೂವತ್ತು ವರ್ಷದೊಳಗೆ ಆರೋಗ್ಯವಂತರ ದಿನನಿತ್ಯದ ಕುಡಿತವಾಯಿತು. ನಮ್ಮಲ್ಲಿ ಇತ್ತೀಚೆಗೆ ಹತ್ತು ರೂಪಾಯಿಯ ಪುಟ್ಟ ಬಾಟಲಿಗಳಲ್ಲೂ ಸಕ್ಕರೆರಹಿತ ಕೋಲಾ ಬಂದಿದೆ. ಹತ್ತು ರೂಪಾಯಿ ಎಂದರೆ ಶಾಲೆ ಬಿಟ್ಟು ಬರುವ ಮಕ್ಕಳ ಕೈಗೆ ಸಿಗುವ ದುಡ್ಡು. ಈ ಮಾತಿಗೆ ಮತ್ತೆ ಬರುತ್ತೇನೆ.

ಕ್ಯಾನ್ಸರ್ ಭಯಕ್ಕೂ ಒಂದು ಇತಿಹಾಸವಿದೆ. ಸೈಕ್ಲಮೇಟ್ ಮತ್ತು ಸ್ಯಾಕರಿನ್ ಬೆರೆಸಿ ತಿನ್ನಿಸಿದ ಇಲಿಗಳ ಮೂತ್ರಕೋಶದಲ್ಲಿ ಗೆಡ್ಡೆ ಕಂಡದ್ದರಿಂದ ಅಮೆರಿಕ 1969ರಲ್ಲಿ ಸೈಕ್ಲಮೇಟ್‌ಗೆ ನಿಷೇಧ ಹಾಕಿತು. ಯುರೋಪಿನಲ್ಲಿ ಅದಕ್ಕೆ ಇಂದಿಗೂ ಅನುಮತಿ ಇದೆ. 1977ರಲ್ಲಿ ಸ್ಯಾಕರಿನ್‌ಗೂ ಅದೇ ಗತಿ ಬರುವುದಿತ್ತು. ಆದರೆ ಇರುವ ಒಂದೇ ಸಿಹಿಕಾರಕವನ್ನೂ ಕಿತ್ತುಕೊಳ್ಳಬೇಡಿ ಎಂದು ಜನರೇ ತಿರುಗಿಬಿದ್ದರು. ಅಮೆರಿಕದ ಸಂಸತ್ತು ನಿಷೇಧವನ್ನು ತಡೆದು ಎಚ್ಚರಿಕೆಯ ಚೀಟಿ ಅಂಟಿಸುವಂತೆ ಹೇಳಿತು. ಆಮೇಲೆ ತಿಳಿದುಬಂದದ್ದು ಬೇರೆ. ಗಂಡು ಇಲಿಗಳ ಮೂತ್ರದ ರಸಾಯನವೇ ಬೇರೆ, ಅಲ್ಲಿ ಸ್ಯಾಕರಿನ್ ಹೆಚ್ಚಾದಾಗ ಹರಳುಗಳು ಕಟ್ಟಿ ಮೂತ್ರಕೋಶದ ಒಳಪದರವನ್ನು ಕೆರೆಯುತ್ತವೆ, ಮನುಷ್ಯರಲ್ಲಿ ಹಾಗಾಗುವುದಿಲ್ಲ. 2000ದಲ್ಲಿ ಆ ಚೀಟಿಯನ್ನು ತೆಗೆದುಹಾಕಿದರು.

ಇನ್ನು ಆಸ್ಪರ್ಟೇಮ್. 2023ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅದನ್ನು ‘ಕ್ಯಾನ್ಸರ್ ತರಬಹುದಾದ’ ವಸ್ತುಗಳ 2ಬಿ ಪಟ್ಟಿಗೆ ಸೇರಿಸಿದಾಗ ವಾಟ್ಸಾಪ್ ತುಂಬ ಅದೇ ಸುದ್ದಿ. ಈ ಪಟ್ಟಿ ಹೇಳುವುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದನ್ನು, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. 2ಬಿ ಎಂದರೆ ಸಾಕ್ಷ್ಯ ಸೀಮಿತ. ಅದೇ ದಿನ ಆಹಾರ ಸೇರ್ಪಡೆಗಳ ಮೇಲಿನ ಇನ್ನೊಂದು ತಜ್ಞ ಸಮಿತಿ ಹಳೆಯ ಮಿತಿಯನ್ನೇ ಉಳಿಸಿಕೊಂಡಿತು: ದಿನಕ್ಕೆ ದೇಹದ ಪ್ರತಿ ಕಿಲೋ ತೂಕಕ್ಕೆ 40 ಮಿಲಿಗ್ರಾಂ. ಒಂದು ಡಬ್ಬಿಯಲ್ಲಿ 200ರಿಂದ 300 ಮಿಲಿಗ್ರಾಂ ಇದ್ದರೆ 70 ಕಿಲೋ ತೂಕದ ವ್ಯಕ್ತಿ ಆ ಮಿತಿ ದಾಟಲು ದಿನಕ್ಕೆ ಒಂಬತ್ತರಿಂದ ಹದಿನಾಲ್ಕು ಡಬ್ಬಿಗಿಂತ ಹೆಚ್ಚು ಕುಡಿಯಬೇಕು. ಪತ್ರಿಕೆಗಳೆಲ್ಲ ಈ ಲೆಕ್ಕವನ್ನು ಬರೆದವು, ಓದಿದವರು ನಿಟ್ಟುಸಿರುಬಿಟ್ಟರು.

ಅದೇ ಲೆಕ್ಕವನ್ನು ಮಗುವಿಗೆ ಹಾಕಿ ನೋಡಿ. ಹದಿನೈದು ಕಿಲೋ ತೂಕದ ಮಗುವಿಗೆ ಮಿತಿ ದಿನಕ್ಕೆ 600 ಮಿಲಿಗ್ರಾಂ. ಎರಡು ಮೂರು ಡಬ್ಬಿಯಲ್ಲಿ ಅದು ಮುಗಿದುಹೋಗುತ್ತದೆ. ಮದುವೆ ಮನೆಯಲ್ಲಿ, ಹುಟ್ಟುಹಬ್ಬದಲ್ಲಿ ದೊಡ್ಡ ಬಾಟಲಿ ಬಗ್ಗಿಸಿ ಮಕ್ಕಳಿಗೆ ಲೋಟ ಲೋಟ ಕೊಡುವಾಗ ‘ಇದರಲ್ಲಿ ಸಕ್ಕರೆ ಇಲ್ಲ, ಕುಡೀಲಿ ಬಿಡಿ’ ಎನ್ನುವ ಮಾತು ಈಗೀಗ ಕಿವಿಗೆ ಬೀಳುತ್ತಿದೆ. ಕೃತಕ ಸಿಹಿಕಾರಕ ಇದ್ದರೆ ಅದನ್ನು ನಮೂದಿಸಬೇಕು, ಮಕ್ಕಳಿಗೆ ಸೂಕ್ತವಲ್ಲ ಎಂದು ಹೇಳಬೇಕು ಎನ್ನುವುದು ನಮ್ಮ ಲೇಬಲ್ ನಿಯಮಗಳಲ್ಲೇ ಬಂದಿರುವ ಮಾತು. ಅದನ್ನು ಓದಲು ಬಾಟಲಿಯನ್ನು ಬೆಳಕಿಗೆ ಹಿಡಿದು ತಿರುಗಿಸಬೇಕು, ಅಷ್ಟು ಸಣ್ಣ ಅಕ್ಷರ, ಅದೂ ಇಂಗ್ಲಿಷಿನಲ್ಲಿ. ಫಿನೈಲ್‌ಕೀಟೋನೂರಿಯಾ ಎಂಬ ಆನುವಂಶಿಕ ತೊಂದರೆ ಇರುವ ಮಕ್ಕಳಿಗಂತೂ ಆಸ್ಪರ್ಟೇಮ್ ಕೊಡಲೇಬಾರದು. ಅದು ಒಡೆದಾಗ ಹೊರಬರುವ ಫಿನೈಲ್‌ಅಲನಿನ್ ಅವರ ದೇಹದಲ್ಲಿ ಶೇಖರವಾಗಿ ಮೆದುಳಿಗೆ ಹಾನಿ ಮಾಡುತ್ತದೆ.

ಒಡೆಯುವುದು ಎಂದೆ. ಎಲ್ಲರೂ ಹೆದರುವ ಆಸ್ಪರ್ಟೇಮ್ ಹೊಟ್ಟೆಯಲ್ಲಿ ಪೂರ್ತಿ ಒಡೆಯುತ್ತದೆ. ಎರಡು ಅಮೈನೋ ಆಮ್ಲ, ಸ್ವಲ್ಪ ಮೆಥನಾಲ್, ಅಷ್ಟೇ. ಸಸ್ಯಾಹಾರವೋ ಮಾಂಸಾಹಾರವೋ, ದಿನದ ಊಟದಲ್ಲಿ ಇವು ಇದಕ್ಕಿಂತ ಹೆಚ್ಚೇ ಇರುತ್ತವೆ. ಬಿಸಿಲಿನಲ್ಲಿ ಗೋದಾಮಿನಲ್ಲಿಟ್ಟ ಬಾಟಲಿಯಲ್ಲೂ ಅದು ನಿಧಾನವಾಗಿ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಅದಕ್ಕೇ ಕಂಪನಿಗಳು ಅದರ ಜೊತೆ ಅಸೆಸಲ್ಫೇಮ್ ಬೆರೆಸುತ್ತವೆ. ಒಂದರ ಕಹಿಯನ್ನು ಇನ್ನೊಂದು ಮರೆಸುತ್ತದೆ, ಸಿಹಿಯೂ ಹೆಚ್ಚು ದಿನ ನಿಲ್ಲುತ್ತದೆ. ಸುಕ್ರಲೋಸ್ ಮಾತ್ರ ಸಕ್ಕರೆಯಿಂದಲೇ ಮಾಡಿದ್ದು ಎಂಬ ನಂಬಿಕೆಯ ಮೇಲೆ ಮನೆಮನೆಯ ಕಾಫಿ ಡಬ್ಬದ ಪಕ್ಕಕ್ಕೆ ಬಂದು ಕೂತಿತು.

ಹಾಗಾದರೆ ಇವುಗಳಿಂದ ತೂಕ ಇಳಿಯುತ್ತದೆಯೇ? ವಿಶ್ವ ಆರೋಗ್ಯ ಸಂಸ್ಥೆ 2023ರ ಮೇನಲ್ಲಿ, ತೂಕ ನಿಯಂತ್ರಣಕ್ಕೆಂದು ಸಕ್ಕರೆಯಲ್ಲದ ಸಿಹಿಕಾರಕಗಳನ್ನು ಬಳಸಬೇಡಿ ಎಂದು ಸಲಹೆ ಕೊಟ್ಟಿತು. ಈಗಾಗಲೇ ಸಕ್ಕರೆ ಕಾಯಿಲೆ ಇರುವವರಿಗೆ ಈ ಸಲಹೆ ಅನ್ವಯಿಸುವುದಿಲ್ಲ ಎಂದೂ ಅದರಲ್ಲೇ ಇದೆ. ಕೆಲವು ವಾರ, ಕೆಲವು ತಿಂಗಳು ನಡೆಸಿದ ಪ್ರಯೋಗಗಳಲ್ಲಿ ತೂಕ ಸ್ವಲ್ಪ ಇಳಿದಿದೆ. ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಉಲ್ಟಾ: ಹೆಚ್ಚು ಬಳಸಿದವರಲ್ಲಿ ಹೃದಯದ ತೊಂದರೆ, ಮಧುಮೇಹ ಹೆಚ್ಚು ಕಂಡಿವೆ. ಫ್ರಾನ್ಸಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಒಳಗೊಂಡ ನ್ಯೂಟ್ರಿನೆಟ್-ಸಾಂತೆ ಅಧ್ಯಯನ, ಹೆಚ್ಚು ಬಳಸಿದವರಲ್ಲಿ ಕ್ಯಾನ್ಸರ್ ಸಾಧ್ಯತೆ ಶೇ 13ರಷ್ಟು ಜಾಸ್ತಿ ಇದ್ದುದನ್ನು 2022ರಲ್ಲಿ ದಾಖಲಿಸಿತು. ಇಂಥ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಮೈ ಬಂದವರು, ಶುಗರ್ ಬರುವ ಸೂಚನೆ ಕಂಡವರು ಡಯಟ್ ಪಾನೀಯಕ್ಕೆ ಬದಲಾಗುತ್ತಾರೆ. ಕಾಯಿಲೆಯ ದಾರಿಯಲ್ಲಿ ಇದ್ದವರೇ ಅದನ್ನು ಕುಡಿಯುತ್ತಿರಬಹುದು. ಸಂಖ್ಯಾಶಾಸ್ತ್ರಜ್ಞರು ಎಷ್ಟೇ ಸೋಸಿದರೂ ಈ ಗೋಜಲು ಪೂರ್ತಿ ಬಿಡುವುದಿಲ್ಲ.

ನನಗೆ ಹೆಚ್ಚು ಮಹತ್ವದ್ದಾಗಿ ಕಾಣುವುದು ಕರುಳಿನ ಬ್ಯಾಕ್ಟೀರಿಯಾಗಳ ಕುರಿತ ಕೆಲಸ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಎರಾನ್ ಎಲಿನಾವ್, ಎರಾನ್ ಸೆಗಾಲ್ ತಂಡ 2014ರಲ್ಲಿ ಇಲಿಗಳಲ್ಲೂ 2022ರಲ್ಲಿ 120 ಆರೋಗ್ಯವಂತ ಮನುಷ್ಯರಲ್ಲೂ ಇದನ್ನು ನೋಡಿತು. ಆ ಜನ ಕೃತಕ ಸಿಹಿಯ ರೂಢಿಯೇ ಇಲ್ಲದವರು. ಅವರಿಗೆ ಮಿತಿಗಿಂತ ಕಡಿಮೆ ಪ್ರಮಾಣದಲ್ಲಿ, ಎರಡು ವಾರ, ಸ್ಯಾಕರಿನ್, ಸುಕ್ರಲೋಸ್, ಆಸ್ಪರ್ಟೇಮ್ ಅಥವಾ ಸ್ಟೀವಿಯಾ ಕೊಟ್ಟರು. ನಾಲ್ಕೂ ಕರುಳಿನ ಸೂಕ್ಷ್ಮಜೀವಿಗಳ ಬದುಕನ್ನು ಬದಲಿಸಿದವು. ಸ್ಯಾಕರಿನ್ ಮತ್ತು ಸುಕ್ರಲೋಸ್ ತಿಂದವರಲ್ಲಿ ಗ್ಲೂಕೋಸ್ ನಿಭಾಯಿಸುವ ಶಕ್ತಿಯೂ ಕುಂದಿತು. ಎಲ್ಲರಲ್ಲೂ ಒಂದೇ ರೀತಿ ಆಗಲಿಲ್ಲ, ಕೆಲವರಲ್ಲಿ ಎದ್ದು ಕಾಣುವಷ್ಟು, ಕೆಲವರಲ್ಲಿ ಏನೂ ಇಲ್ಲ. ಹಾಗೆ ಬದಲಾದವರ ಸೂಕ್ಷ್ಮಜೀವಿಗಳನ್ನು ಇಲಿಗಳ ಕರುಳಿಗೆ ಸೇರಿಸಿದಾಗ ಅವುಗಳಲ್ಲೂ ಅದೇ ಏರುಪೇರು ಕಂಡಿತು. ಅಂದರೆ ದೇಹ ಮುಟ್ಟದೆ ಬಿಟ್ಟದ್ದನ್ನು ದೇಹದೊಳಗಿನ ನಿವಾಸಿಗಳು ಮುಟ್ಟುತ್ತಿವೆ. 2025ರಲ್ಲಿ ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ 75 ಜನರ ಮೆದುಳಿನ ಚಿತ್ರ ತೆಗೆದಾಗ, ಸುಕ್ರಲೋಸ್ ಕುಡಿದ ಮೇಲೆ ಹಸಿವನ್ನು ನಿಯಂತ್ರಿಸುವ ಹೈಪೋಥಲಾಮಸ್ ಭಾಗ ಇನ್ನಷ್ಟು ಚುರುಕಾದದ್ದು ಕಂಡಿತು. ಸಿಹಿ ಬಂತು ಎಂದು ನಾಲಿಗೆ ಹೇಳಿದೆ, ಗ್ಲೂಕೋಸ್ ಮಾತ್ರ ಬಂದಿಲ್ಲ. ಮೆದುಳು ಕಾಯುತ್ತದೆ.

ಇಷ್ಟು ಹೇಳಿ ಸಕ್ಕರೆಯೇ ವಾಸಿ ಎಂಬ ಭಾವನೆ ಮೂಡಿಸಿದರೆ ಅದು ದೊಡ್ಡ ಅನ್ಯಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2023ರ ಸಮೀಕ್ಷಾ ವರದಿಯ ಪ್ರಕಾರ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ವಯಸ್ಕರು ದಿನಕ್ಕೆ 25 ಗ್ರಾಂ ಸಕ್ಕರೆಯ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಒಂದೇ ಡಬ್ಬಿ ಕೋಲಾ ಅದನ್ನು ದಾಟಿಬಿಡುತ್ತದೆ. ದಿನವೂ ಸಕ್ಕರೆಯ ಕೋಲಾ ಕುಡಿಯುವವರು ಡಯಟ್ ಬಾಟಲಿಗೆ ಬದಲಾದರೆ ಅದರಲ್ಲಿ ಅವರಿಗೆ ಒಳಿತಿದೆ. ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಷನ್‌ನಲ್ಲಿ ಡಾ. ವಿ. ಮೋಹನ್ ಅವರ ತಂಡ ಮಧುಮೇಹ ಇರುವ 179 ಜನರ ಮೇಲೆ ಹನ್ನೆರಡು ವಾರ ಪ್ರಯೋಗ ಮಾಡಿತು. ಕಾಫಿ, ಟೀಗೆ ಹಾಕುವ ಸಕ್ಕರೆಯ ಬದಲು ಸುಕ್ರಲೋಸ್ ಹಾಕಿಕೊಂಡವರ ತೂಕ, ಸೊಂಟದ ಸುತ್ತಳತೆ ಚೂರು ಇಳಿಯಿತು. ಮೂರು ತಿಂಗಳ ಸರಾಸರಿ ಶುಗರ್ ಮಟ್ಟದಲ್ಲಿ ವ್ಯತ್ಯಾಸ ಬರಲಿಲ್ಲ. ಹಾನಿಯಿಲ್ಲ, ಪವಾಡವೂ ಇಲ್ಲ. ಹೋಟೆಲಿನಲ್ಲಿ ‘ಒಂದು ಶುಗರ್‌ಲೆಸ್ ಕಾಫಿ’ ಎಂದು ಕೇಳಿ ಒಂದೆರಡು ವಾರ ಕಷ್ಟಪಟ್ಟು ಒಗ್ಗಿಸಿಕೊಂಡವರು ಈ ಮಾತ್ರೆ, ಹನಿಗಳ ಸಹವಾಸವನ್ನೇ ಬಿಟ್ಟಿರುವುದನ್ನು ನಾವೆಲ್ಲ ಕಂಡಿದ್ದೇವೆ. ನಾಲಿಗೆ ಕಲಿಸಿದ್ದನ್ನು ಕಲಿಯುತ್ತದೆ. ಅದಕ್ಕಾಗಿಯೇ ಮಕ್ಕಳ ವಿಷಯದಲ್ಲಿ ನನಗೆ ಆತಂಕ. ಬಾಯಾರಿದಾಗ ನೀರು, ಮಜ್ಜಿಗೆ, ಎಳನೀರು ಕುಡಿದು ಬೆಳೆಯಬೇಕಾದವರಿಗೆ ಸಕ್ಕರೆಗಿಂತ ನೂರಾರು ಪಟ್ಟು ಸಿಹಿಯಾದ ಅಣುಗಳ ರುಚಿ ಹತ್ತು ರೂಪಾಯಿಗೆ ಸಿಕ್ಕಿದರೆ, ಬಾಳೆಹಣ್ಣು, ಪಪ್ಪಾಯಿ ಸಪ್ಪೆ ಎನ್ನಿಸುವ ದಿನ ಬಹಳ ದೂರವಿರುವುದಿಲ್ಲ. ಇನ್ನು ಹಲ್ಲು. ಕೋಲಾದ ಆಮ್ಲಕ್ಕೆ ಸಕ್ಕರೆ ಇದೆಯೋ ಇಲ್ಲವೋ ಎಂಬ ಭೇದವಿಲ್ಲ, ಎನಾಮಲ್ ಎರಡರಲ್ಲೂ ಸವೆಯುತ್ತದೆ.

ಸಕ್ಕರೆಯನ್ನು ಕಡಿಮೆ ಮಾಡಲು ಹೊರಟ ಸರ್ಕಾರಗಳೇ ತಿಳಿಯದೆ ಕೃತಕ ಸಿಹಿಗೆ ಬಾಗಿಲು ತೆರೆದ ಉದಾಹರಣೆ ಬ್ರಿಟನ್ನಿನಲ್ಲಿದೆ. 2018ರ ಏಪ್ರಿಲ್‌ನಿಂದ ಅಲ್ಲಿ 100 ಮಿಲಿಲೀಟರ್‌ಗೆ 5 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಸಕ್ಕರೆ ಇರುವ ಪಾನೀಯಕ್ಕೆ ವಿಶೇಷ ತೆರಿಗೆ ಬಂತು. ತೆರಿಗೆ ಜಾರಿಗೆ ಬರುವ ಮೊದಲೇ ಕಂಪನಿಗಳು ಪಾಕ ಬದಲಿಸಿದವು. ಸ್ಕಾಟ್ಲೆಂಡಿನವರು ಪ್ರೀತಿಯಿಂದ ಕುಡಿಯುವ ‘ಐರನ್-ಬ್ರೂ’ನ ರುಚಿಯೂ ಬದಲಾಗಿ ಜನ ಹಳೆಯ ಬಾಟಲಿಗಳನ್ನು ಕೂಡಿಟ್ಟುಕೊಂಡರು. ಸಕ್ಕರೆ ಸೇವನೆ ಇಳಿಯಿತು, ಅದು ನಿಜವಾದ ಲಾಭ. ತೆಗೆದ ಸಕ್ಕರೆಯ ಜಾಗಕ್ಕೆ ಬಂದದ್ದು ಸಿಹಿಕಾರಕ. ನಮ್ಮಲ್ಲಿ ಜಿಎಸ್‌ಟಿ ಸಕ್ಕರೆಯ ಪ್ರಮಾಣವನ್ನು ನೋಡುವುದಿಲ್ಲ. ಸಕ್ಕರೆ ಇರಲಿ, ಬೇರೆ ಸಿಹಿ ಇರಲಿ, 2025ರ ಸೆಪ್ಟೆಂಬರ್‌ನಿಂದ ಸೋಡಾ ಪಾನೀಯಗಳಿಗೆಲ್ಲ ಶೇ 40. ಸಕ್ಕರೆಗೆ ತಕ್ಕ ತೆರಿಗೆ ಬೇಕೆಂದು ಇಲ್ಲಿಯೂ ಒತ್ತಾಯ ಕೇಳಿಬರುವಾಗ ಬ್ರಿಟನ್ನಿನ ಈ ಅರ್ಧ ಪಾಠವನ್ನೂ ಓದಿಕೊಳ್ಳಬೇಕು.

ಈಗ ನೀರಿಗೆ ಬರೋಣ. ನೀರಿನೊಳಗಿನ ಸುಕ್ರಲೋಸ್ ಮೊದಲು ಗಮನ ಸೆಳೆದದ್ದು ಸ್ವೀಡನ್ನಿನಲ್ಲಿ, ಕೊಳಚೆ ಶುದ್ಧೀಕರಣ ಘಟಕಗಳಿಂದ ಹೊರಬರುವ ನೀರಿನಲ್ಲಿ. 2009ರಲ್ಲಿ ಯುರೋಪಿನ 27 ದೇಶಗಳ ನದಿಗಳಿಂದ ತಂದ ನೀರಿನ ಪರೀಕ್ಷೆಯಲ್ಲಿ ಲೀಟರಿಗೆ ಒಂದು ಮೈಕ್ರೋಗ್ರಾಂವರೆಗೂ ಅದು ಸಿಕ್ಕಿತು. ಅದೇ ವರ್ಷ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಕೆರೆ, ನದಿ, ಅಂತರ್ಜಲ, ನಲ್ಲಿ ನೀರಿನಲ್ಲೂ ಅಸೆಸಲ್ಫೇಮ್ ಕಂಡರು. ಅಂತರ್ಜಲಕ್ಕೆ ಮನೆಗಳ ಕೊಳಚೆ ಸೇರಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಗುರುತು ಇಲ್ಲವೆಂದು ಬರೆದರು. ಕೆನಡಾದ ಗ್ರ್ಯಾಂಡ್ ನದಿಯಲ್ಲೂ ಅದೇ ಕತೆ.

ಮನುಷ್ಯರ ಮಟ್ಟಿಗೆ ಈ ಪ್ರಮಾಣಕ್ಕೆ ಹೆದರಬೇಕಿಲ್ಲ. ಸುಕ್ರಲೋಸ್‌ನ ಅಂತರರಾಷ್ಟ್ರೀಯ ಮಿತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ. ಲೀಟರಿಗೆ ಒಂದು ಮೈಕ್ರೋಗ್ರಾಂ ಇರುವ ನೀರಿನಿಂದ 60 ಕಿಲೋ ತೂಕದವರು ಅಷ್ಟನ್ನು ಪಡೆಯಲು ದಿನಕ್ಕೆ ಒಂಬತ್ತು ಲಕ್ಷ ಲೀಟರ್ ಕುಡಿಯಬೇಕು. ಆದರೆ ನೀರು ನಮಗೆ ಮಾತ್ರ ಸೇರಿದ್ದಲ್ಲ. ಕೆರೆಯ ಪಾಚಿ ತಿಂದು ಮೀನಿಗೆ ಆಹಾರವಾಗುವ ಡಾಫ್ನಿಯಾ ಎಂಬ ನೀರುಚಿಗಟೆಗೆ ಸುಕ್ರಲೋಸ್ ಒಡ್ಡಿದಾಗ ಅದರ ಈಜುವ ರೀತಿ ಬದಲಾದುದನ್ನು ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದವರು ಕಂಡಿದ್ದಾರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಜಿಯಾನ್‌ಹುವಾ ಗುವೊ ಅವರ ತಂಡ 2021ರಲ್ಲಿ ತೋರಿಸಿದ್ದು ಇನ್ನೂ ಯೋಚಿಸಬೇಕಾದ ವಿಷಯ: ಸ್ಯಾಕರಿನ್, ಸುಕ್ರಲೋಸ್, ಆಸ್ಪರ್ಟೇಮ್, ಅಸೆಸಲ್ಫೇಮ್ ಇರುವ ಕಡೆ, ಆ್ಯಂಟಿಬಯಾಟಿಕ್‌ಗಳಿಗೆ ಬಗ್ಗದ ಗುಣವನ್ನು ಬ್ಯಾಕ್ಟೀರಿಯಾಗಳು ಒಂದಕ್ಕೊಂದು ದಾಟಿಸುವುದು ಹೆಚ್ಚುತ್ತದೆ. ಇವು ಪ್ರಯೋಗಾಲಯದ ಫಲಿತಾಂಶಗಳು. ನದಿಯಲ್ಲೂ ಹೀಗೆಯೇ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಆ್ಯಂಟಿಬಯಾಟಿಕ್‌ಗಳು, ಮಲದ ಬ್ಯಾಕ್ಟೀರಿಯಾ, ಸಿಹಿಕಾರಕ ಮೂರೂ ಒಟ್ಟಿಗೆ ಕಲೆಯುವ ಜಾಗ ಒಂದಿದ್ದರೆ ಅದು ನಮ್ಮ ನಗರಗಳ ಚರಂಡಿ.

ಸಮಾಧಾನದ ಸಂಗತಿಯೂ ಒಂದಿದೆ. ಒಡೆಯಲಾರದ್ದು ಎಂದು ತಿಳಿದಿದ್ದ ಅಸೆಸಲ್ಫೇಮನ್ನು ಕಳೆದ ದಶಕದಲ್ಲಿ ಜರ್ಮನಿಯ ಶುದ್ಧೀಕರಣ ಘಟಕಗಳ ಬ್ಯಾಕ್ಟೀರಿಯಾಗಳು ಒಡೆಯಲು ಕಲಿತಿವೆ. ಸ್ಯಾಕರಿನ್, ಸೈಕ್ಲಮೇಟ್ ಮೊದಲಿಂದಲೂ ಘಟಕಗಳಲ್ಲಿ ಬಹುಪಾಲು ಕರಗಿಹೋಗುತ್ತವೆ. ಸುಕ್ರಲೋಸ್ ಮಾತ್ರ ಹಾಗೇ ಉಳಿದಿದೆ. ಕ್ಲೋರಿನ್‌ಗೂ ಬಗ್ಗದು, ಓಝೋನ್‌ಗೂ ಸುಲಭಕ್ಕೆ ಬಗ್ಗದು. ಸಕ್ರಿಯ ಇದ್ದಿಲು ಸ್ವಲ್ಪ ಹಿಡಿಯುತ್ತದೆ, ಆರ್‌ಒ ಪೊರೆ ತಡೆಯುತ್ತದೆ. ಊರಿನ ಕೊಳಚೆಯನ್ನೆಲ್ಲ ಆರ್‌ಒ ಮಾಡುವ ಶಕ್ತಿ ಯಾರಿಗಿದೆ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2021ರ ವರದಿಯಂತೆ ದೇಶದ ನಗರಗಳಲ್ಲಿ ದಿನಕ್ಕೆ 72,368 ದಶಲಕ್ಷ ಲೀಟರ್ ಕೊಳಚೆ ನೀರು ಹುಟ್ಟುತ್ತದೆ. ಶುದ್ಧವಾಗುವುದು 20,236 ದಶಲಕ್ಷ ಲೀಟರ್. ಉಳಿದದ್ದು ಏನೇನು ಹೊತ್ತುಕೊಂಡಿದೆಯೋ ಅದರ ಸಮೇತ ಹಳ್ಳ ಸೇರುತ್ತದೆ.

ಸಕ್ಕರೆಯ ಪರಿಸರ ಹೊರೆಯೂ ಚಿಕ್ಕದಲ್ಲ. ಒಂದು ಕಿಲೋ ಕಬ್ಬಿನ ಸಕ್ಕರೆಯ ಹಿಂದೆ ಸಾವಿರದೈನೂರು ಲೀಟರಿಗೂ ಹೆಚ್ಚು ನೀರಿದೆ ಎಂಬ ಅಂದಾಜಿದೆ. ಮಂಡ್ಯದ ನಾಲೆಗಳ ಕೊನೆಯ ಭಾಗದ ರೈತರಿಗೆ ಈ ಲೆಕ್ಕವನ್ನು ಯಾರೂ ಹೇಳಿಕೊಡಬೇಕಿಲ್ಲ. ಮಿಲಿಗ್ರಾಂಗಳಲ್ಲಿ ಮುಗಿಯುವ ಸಿಹಿಕಾರಕಕ್ಕೆ ಗದ್ದೆ ಬೇಡ, ನೀರು ಹೆಚ್ಚು ಬೇಡ. ಆದರೆ ಕೋಲಾ ಎನ್ನುವುದೇ ಬೇಕಾಗಿರದ ಪಾನೀಯ. ಅದನ್ನು ಯಾವುದರಿಂದ ಸಿಹಿ ಮಾಡಿದರೆ ಭೂಮಿಗೆ ಹಗುರ ಎಂದು ತೂಗುವ ಮೊದಲು ಅದರ ಪ್ಲಾಸ್ಟಿಕ್ ಬಾಟಲಿಯನ್ನು ತಕ್ಕಡಿಗೆ ಹಾಕಬೇಕು. ಬಾಟಲಿ ಎರಡಕ್ಕೂ ಒಂದೇ.

ಭಾರತದ ನೀರಿನಲ್ಲಿ ಇವುಗಳನ್ನು ಹುಡುಕಿದ ಅಧ್ಯಯನಗಳು ಕೈಬೆರಳಲ್ಲಿ ಎಣಿಸುವಷ್ಟು. ಮಣಿಪಾಲದ ಸಂಶೋಧಕರೂ ಇದ್ದ ತಂಡವೊಂದು ದೇಶದ ಐದು ಕೊಳಚೆ ಶುದ್ಧೀಕರಣ ಘಟಕಗಳ ನೀರು ಪರೀಕ್ಷಿಸಿ, ಔಷಧಗಳ ಜೊತೆ ಕೃತಕ ಸಿಹಿಕಾರಕಗಳೂ ಇರುವುದನ್ನು 2015ರಲ್ಲಿ ಪ್ರಕಟಿಸಿತು. ಗಂಗಾ ಕಣಿವೆಯ ನದಿ ನೀರು, ಅಂತರ್ಜಲಗಳ ಅಧ್ಯಯನ 2019ರಲ್ಲಿ ಬಂತು, ಅಲ್ಲೂ ಅವು ಇದ್ದವು. ಅಲ್ಲಿಂದೀಚೆಗೆ ಶುಗರ್ ಫ್ರೀ ವಸ್ತುಗಳ ಪಟ್ಟಿ ಬಿಸ್ಕತ್ತು, ಪ್ರೋಟೀನ್ ಪುಡಿ, ಐಸ್‌ಕ್ರೀಂ ಎಂದು ಉದ್ದವಾಗುತ್ತಲೇ ಇದೆ.

ನಮ್ಮ ರಾಜ್ಯದಲ್ಲಿ ಈ ಪ್ರಶ್ನೆ ಬೇರೆಲ್ಲ ಕಡೆಗಿಂತ ಹತ್ತಿರದ್ದು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರ್‌ನಂತೆ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರ ಜೂನ್‌ನಲ್ಲಿ ಶುರುವಾಯಿತು. ಸಾವಿರ ಅಡಿ ಕೊರೆದರೂ ನೀರು ಸಿಗದ ಸೀಮೆಗೆ ಅದು ಬಂದಾಗ ರೈತರು ಕಂಡ ಸಂತೋಷ ಸಣ್ಣದಲ್ಲ. ಮರು ತಿಂಗಳೇ ಕೆರೆಯಲ್ಲಿ ನೊರೆ ಎದ್ದು ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ಮತ್ತೆ ಹರಿಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂದು ಕೋಲಾರ, ಚಿಕ್ಕಬಳ್ಳಾಪುರದ ಹೋರಾಟಗಾರರು ಅಂದಿನಿಂದಲೂ ಕೇಳುತ್ತಿದ್ದಾರೆ. ಮೂರನೇ ಹಂತ ಎಂದರೆ ಮರಳಿನ ಸೋಸುವಿಕೆ, ಕ್ಲೋರಿನ್ ಅಷ್ಟೇ ಆದರೆ ಸುಕ್ರಲೋಸ್‌ನಂಥ ಅಣುಗಳಿಗೆ ಅದು ತಡೆಯಾಗುವುದಿಲ್ಲ. ಬೇಡಿಕೆ ಇಡುವವರು ಇದನ್ನು ಬಿಡಿಸಿಯೇ ಕೇಳಬೇಕು.

ಈ ಕೆರೆಗಳ ನೀರು ಯಾವ ಬೋರ್‌ವೆಲ್‌ವರೆಗೆ ಹೋಗಿದೆ, ಎಷ್ಟು ಬೇಗ ಹೋಗಿದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿನವರು ಬಳಸಿದ ಗುರುತು ಇಲ್ಲೂ ಬಳಕೆಗೆ ಬರುತ್ತದೆ. ಸುಕ್ರಲೋಸ್, ಅಸೆಸಲ್ಫೇಮ್ ಎರಡೂ ಪ್ರಕೃತಿಯಲ್ಲಿ ಹುಟ್ಟುವುದಿಲ್ಲ. ಹಳ್ಳಿಯ ಒಂದು ಬೋರ್‌ವೆಲ್‌ನಲ್ಲಿ ಅವು ಸಿಕ್ಕಿದರೆ ಮನೆಗಳ ಕೊಳಚೆಯ ಅಂಶ ಅಲ್ಲಿಗೆ ಮುಟ್ಟಿದೆ ಎಂದೇ ಅರ್ಥ. ಅವುಗಳ ಜೊತೆ ಅದೇ ದಾರಿಯಲ್ಲಿ ಔಷಧಗಳ ಅಂಶವೂ ಬಂದಿರಬಹುದು. ಸಿಗದಿದ್ದರೆ ಕೊಳಚೆಯ ಅಂಶ ಬಹುಶಃ ಅಲ್ಲಿಗೆ ಇನ್ನೂ ಮುಟ್ಟಿಲ್ಲ ಎನ್ನಬಹುದು. ಇದನ್ನು ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರ್‌ಗಳು ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿವೆ. ನರಸಾಪುರ, ಲಕ್ಷ್ಮೀಸಾಗರ ಕೆರೆಗಳ ಸುತ್ತಲಿನ ಬೋರ್‌ವೆಲ್‌ಗಳಿಂದ ವರ್ಷಕ್ಕೆರಡು ಸಲ, ಮಳೆಗೆ ಮುಂಚೆ ಒಂದು, ಮಳೆ ನಿಂತ ಮೇಲೆ ಒಂದು ಸಲ ನೀರು ತಂದು ಈ ಎರಡು ಅಣುಗಳನ್ನು ಅಳೆಯಬೇಕು. ಅಂಕಿ ಎಷ್ಟೇ ಬರಲಿ, ಆ ನೀರು ಕುಡಿಯುವ ಊರಿನ ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಬೇಕು.